ಅಗ್ಗದ ವೇಸ್ಟ್‌ಗೇಟ್: ಕೂರಿಸುವ ಮೊದಲು ಬಿಚ್ಚಿ ನೋಡಿ

ಟರ್ಬೊ ಎಂಜಿನ್‌ನಲ್ಲಿ ಎಕ್ಸಾಸ್ಟ್‌ನ ಒಂದಷ್ಟು ಭಾಗವನ್ನು ಟರ್ಬೊ ಪಕ್ಕದಿಂದ ಹೊರಬಿಟ್ಟು ಬೂಸ್ಟ್ (ಟರ್ಬೊ ಎಂಜಿನ್‌ಗೆ ತುಂಬುವ ಗಾಳಿಯ ಒತ್ತಡ) ಮಿತಿ ಮೀರದಂತೆ ತಡೆಯುವ ವಾಲ್ವೇ ವೇಸ್ಟ್‌ಗೇಟ್. ಟರ್ಬೊದಿಂದ ಬೇರೆಯಾಗಿ, ಪಟ್ಟಿಯಂಥ ಕ್ಲ್ಯಾಂಪ್‌ನಿಂದ ಬಿಗಿಯುವ 38 ಮಿ.ಮೀ. ವಿ-ಬ್ಯಾಂಡ್ ಎಕ್ಸ್‌ಟರ್ನಲ್ ವೇಸ್ಟ್‌ಗೇಟ್‌ಗಳ ನಕಲುಗಳು ಹೊರನೋಟಕ್ಕೆ ಅಸಲಿಯಂತೆಯೇ ಇರುತ್ತವೆ. ಮೇಲಿನ ಬಣ್ಣ, ಹೊಳಪಿನಿಂದ ಏನೂ ತಿಳಿಯದು. ಹೊರಮೈ ಎರಕ ಸಾಮಾನ್ಯವಾಗಿ ಪರವಾಗಿಲ್ಲ. ಕೈಕೊಡುವುದು ಡಯಾಫ್ರಮ್ (ಗಾಳಿಯ ಒತ್ತಡಕ್ಕೆ ಬಾಗಿ ವಾಲ್ವ್ ಎತ್ತುವ ಪೊರೆ) ಮತ್ತು ವಾಲ್ವ್ ಕಾಂಡದ ಗೈಡ್ (ಕಾಂಡ ಓಡಾಡುವ ಕೊಳವೆ).

ಮುಚ್ಚಳದಡಿ ಸ್ಪ್ರಿಂಗ್ ಬಿಗಿಯಾಗಿ ಅದುಮಿಕೊಂಡಿರುತ್ತದೆ. ಎದುರುಬದುರಿನ ಎರಡು ಸ್ಕ್ರೂ ತೆಗೆದು ಆ ಜಾಗಕ್ಕೆ ಉದ್ದನೆಯ ಬೋಲ್ಟ್ ಹಾಕಿ, ಉಳಿದವನ್ನು ಬಿಚ್ಚಿ, ಆಮೇಲೆ ಆ ಎರಡನ್ನೂ ಸರಿಸಮವಾಗಿ ಸಡಿಲಿಸಿ. ಆತುರಪಟ್ಟರೆ ಮುಚ್ಚಳ ಮುಖಕ್ಕೆ ಹಾರುತ್ತದೆ.

ಡಯಾಫ್ರಮ್ ಅನ್ನು ಬೆಳಕಿಗೆ ಹಿಡಿದು ಎಳೆದು ನೋಡಿ. ಸಿಲಿಕೋನ್ ಒಳಗೆ ಬಟ್ಟೆಯ ನೇಯ್ಗೆ ಕಾಣಬೇಕು. ಬರೀ ರಬ್ಬರ್ ಆದರೆ ಬಿಸಿಗೆ ಬೇಗ ಸೋಲುತ್ತದೆ. ಸ್ಕ್ರೂ ತೂತುಗಳ ಅಂಚಿನಲ್ಲಿ ಬಿರುಕಿದೆಯೇ ಗಮನಿಸಿ. ಆ ಅಳತೆಯ ಬಿಡಿ ಡಯಾಫ್ರಮ್ ಸಿಗದ ವೇಸ್ಟ್‌ಗೇಟ್ ಎಷ್ಟೇ ಅಗ್ಗವಾದರೂ ಬೇಡ.

ಸ್ಪ್ರಿಂಗ್ ತೆಗೆದಿರುವಾಗಲೇ ವಾಲ್ವ್ ಅನ್ನು ಬೆರಳಿನಿಂದ ಮೇಲೆ ಕೆಳಗೆ ಆಡಿಸಿ. ಎಲ್ಲೂ ಕಚ್ಚಬಾರದು, ಪಕ್ಕಕ್ಕೆ ಲೊಡಲೊಡ ಅಲ್ಲಾಡಲೂಬಾರದು. ಬಳಿಕ ಡಯಾಫ್ರಮ್ ಬಿಚ್ಚಿ, ವಾಲ್ವ್ ಸಮೇತ ಬಾಡಿಯನ್ನು ಓವನ್‌ನಲ್ಲಿ 230 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿಮಾಡಿ ಮತ್ತೆ ಆಡಿಸಿ (ದಪ್ಪ ಕೈಗವಸು ಇರಲಿ). ತಣ್ಣಗಿದ್ದಾಗ ಸಲೀಸಾಗಿ ಓಡಾಡಿ ಬಿಸಿಯಲ್ಲಿ ಸಿಕ್ಕಿಹಾಕಿಕೊಳ್ಳುವ ಕಾಂಡವೇ ಎಂಜಿನ್ ಕೆಡಿಸುವುದು: ವಾಲ್ವ್ ಮುಚ್ಚಿದಂತೆಯೇ ಕಚ್ಚಿಕೊಂಡರೆ ಬೂಸ್ಟ್‌ಗೆ ಲಂಗುಲಗಾಮು ಇರುವುದಿಲ್ಲ. ಬಾಡಿಗೆ ಅಯಸ್ಕಾಂತ ಮೆಲ್ಲಗೆ ಅಂಟಿದರೆ ಚಿಂತೆಯಿಲ್ಲ, ಎರಕದ ಸ್ಟೇನ್‌ಲೆಸ್‌ನಲ್ಲಿ ಅಷ್ಟು ಸಹಜ. 304 (ಸ್ಟೇನ್‌ಲೆಸ್‌ನ ಒಂದು ದರ್ಜೆ) ಎಂದು ಮಾರಿದ್ದಕ್ಕೆ ಟಪ್ಪನೆ ಅಂಟಿದರೆ ಅನುಮಾನಪಡಿ.

ಮರುಜೋಡಿಸಿ, ತಲೆಕೆಳಗು ಮಾಡಿ, ಇನ್‌ಲೆಟ್‌ಗೆ (ಎಕ್ಸಾಸ್ಟ್ ಒಳಬರುವ ಬಾಯಿ) ಸೀಮೆಎಣ್ಣೆ ಸುರಿಯಿರಿ. ಆಗೊಂದು ಈಗೊಂದು ಹನಿ ಜಿನುಗಿದರೆ ಗ್ರೈಂಡಿಂಗ್ ಪೇಸ್ಟ್ ಹಚ್ಚಿ ವಾಲ್ವ್ ಮತ್ತು ಸೀಟನ್ನು (ವಾಲ್ವ್ ಕೂರುವ ಅಂಚು) ತೇಯ್ದು ಸರಿಪಡಿಸಬಹುದು. ಧಾರೆಯಾಗಿ ಇಳಿದರೆ ಸೀಟೇ ಓರೆ, ವಾಪಸ್ ಕಳಿಸಿ.

ಈಗ ಗಾಳಿ. ಡಯಾಫ್ರಮ್‌ನ ಮೇಲೊಂದು, ಕೆಳಗೊಂದು ಪೋರ್ಟ್ (ಹೋಸ್ ಸಿಕ್ಕಿಸುವ ಬಾಯಿ) ಇರುತ್ತದೆ. ಮೊದಲು ಮೇಲಿನ ಪೋರ್ಟ್‌ಗೆ 1 ಬಾರ್ ಕೊಟ್ಟು, ಕೆಳ ಪೋರ್ಟ್‌ಗೆ ಸಿಕ್ಕಿಸಿದ ಹೋಸ್‌ನ ತುದಿಯನ್ನು ನೀರಲ್ಲಿ ಅದ್ದಿ. ಗುಳ್ಳೆ ಬಂದರೆ ಡಯಾಫ್ರಮ್ ಸೋರುತ್ತಿದೆ. ಕೆಳ ಪೋರ್ಟ್‌ಗೆ ಗಾಳಿ ಕೊಟ್ಟು ಸೋರಿಕೆ ಹುಡುಕುವವರು ಮೋಸಹೋಗುತ್ತಾರೆ, ಏಕೆಂದರೆ ಅಲ್ಲಿಂದ ಕಾಂಡದ ಸುತ್ತ ತುಸು ಗಾಳಿ ತಪ್ಪಿಸಿಕೊಳ್ಳುವುದು ಸಹಜ.

ಆಮೇಲೆ ರೆಗ್ಯುಲೇಟರ್, ಗೇಜ್ ಮೂಲಕ ಕೆಳ ಪೋರ್ಟ್‌ಗೆ ನಿಧಾನವಾಗಿ ಒತ್ತಡ ಏರಿಸಿ. ವಾಲ್ವ್ ಮೇಲೆ ಡಯಲ್ ಗೇಜ್ (ಸಣ್ಣ ಚಲನೆ ಅಳೆಯುವ ಮಾಪಕ) ಇಟ್ಟು, ಅದು ಮೊದಲು ಅಲುಗಿದ ಒತ್ತಡ ಬರೆದುಕೊಳ್ಳಿ. ಐದು ಬಾರಿ ಮಾಡಿ, 0.05 ಬಾರ್‌ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಎಲ್ಲೋ ಕಚ್ಚುತ್ತಿದೆ. 0.5 ಬಾರ್ ಎಂದು ಬರೆದ ಸ್ಪ್ರಿಂಗ್ ಬೇರೆಯೇ ಒತ್ತಡಕ್ಕೆ ತೆರೆದರೆ, ನೀವು ಅಳೆದದ್ದನ್ನೇ ನಂಬಿ. ಪೂರ್ತಿ ಹರಿವಿಗೆ ವಾಲ್ವ್ ವ್ಯಾಸದ ಕಾಲು ಭಾಗ, ಅಂದರೆ 9.5 ಮಿ.ಮೀ. ಏಳಬೇಕು. ಎಂಜಿನ್ ಮೇಲೆ ಎಕ್ಸಾಸ್ಟ್ ಒತ್ತಡವೂ ವಾಲ್ವನ್ನು ತಳ್ಳುವುದರಿಂದ ಬೆಂಚಿನ ಅಂಕಿಯೇ ಬೂಸ್ಟ್ ಆಗಬೇಕೆಂದಿಲ್ಲ.

ಫ್ಲ್ಯಾಂಜ್ (ಕ್ಲ್ಯಾಂಪ್ ಹಿಡಿಯುವ ಅಂಚು) ಮುಖವನ್ನು ಗಾಜಿನ ಮೇಲಿಟ್ಟು ಅಲ್ಲಾಡಿಸಿ ನೋಡಿ, ಕುಲುಕಿದರೆ ಮುಖ ಸಮತಟ್ಟಾಗಿಲ್ಲ. ಕ್ಲ್ಯಾಂಪನ್ನೂ ಕೂರಿಸಿ ನೋಡಿ; ನಕಲಿನ ಕ್ಲ್ಯಾಂಪ್ ಬೇರೆ ತಯಾರಿಕೆಯ ಫ್ಲ್ಯಾಂಜ್‌ಗೆ ಕೂರದೆ ಇರಬಹುದು.

ಮೊದಲ ಓಟಕ್ಕೆ ಅತಿ ಮೃದು ಸ್ಪ್ರಿಂಗ್ ಹಾಕಿ, ಬೂಸ್ಟ್ ಗೇಜ್ ಮೇಲೆ ಕಣ್ಣಿಡಿ. ವಾಲ್ವ್ ತೆರೆದೇ ಇದ್ದರೂ ಆರ್‌ಪಿಎಂ ಜೊತೆ ಬೂಸ್ಟ್ ಮೆಲ್ಲಗೆ ಏರುತ್ತಿದ್ದರೆ ವೇಸ್ಟ್‌ಗೇಟ್ ಕೆಟ್ಟಿದೆ ಎಂದು ಬೈಯಬೇಡಿ, ಅದರ ಅಳತೆ ಸಾಲದು ಅಥವಾ ಮ್ಯಾನಿಫೋಲ್ಡ್‌ನಲ್ಲಿ ಕೂರಿಸಿದ ಜಾಗ ತಪ್ಪಿದೆ.