ಕುರಿ ರಿಂಗಿನಲ್ಲಿ ಮಕ್ಕಳಿಗೆ ಅಂಕ ಹಾಕುವಾಗ ನಾನು ನೋಡುವುದು

ಅಮೆರಿಕದ ಕೌಂಟಿ ಮೇಳಗಳಲ್ಲಿ ಕುರಿ ರಿಂಗಿಗೆ, ಅಂದರೆ ಕುರಿ ಪ್ರದರ್ಶನದ ಅಂಗಳಕ್ಕೆ, ಇಳಿಯುವ ಮಕ್ಕಳು ಸಾಮಾನ್ಯವಾಗಿ ಎರಡು ಬಗೆಯ ಕ್ಲಾಸುಗಳಲ್ಲಿ (ಸ್ಪರ್ಧೆಗಳಲ್ಲಿ) ನಿಲ್ಲುತ್ತಾರೆ. ಮಾರ್ಕೆಟ್ ಕ್ಲಾಸಿನಲ್ಲಿ ಮರಿಯ ಮೈಕಟ್ಟಿಗೆ, ಮಾಂಸಕ್ಕೆ ಸ್ಥಾನ. ಶೋಮನ್‌ಶಿಪ್ ಕ್ಲಾಸಿನಲ್ಲಿ ಆ ಮರಿಯನ್ನು ಸಾಕಿ, ಪಳಗಿಸಿ, ಹಿಡಿದು ತಂದ ಮಗುವಿಗೆ ಸ್ಥಾನ. ಈ ಎರಡನೆಯದಕ್ಕೆ ನಾನು ತೀರ್ಪು ಕೊಡುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಮಕ್ಕಳನ್ನು ಕೃಷಿ, ಪಶುಪಾಲನೆ ಕಲಿಸುವ ಫೋರ್-ಎಚ್ ಅಥವಾ ಎಫ್‌ಎಫ್‌ಎ ಎಂಬ ಸಂಘಗಳಿಗೆ ಸೇರಿಸಿರುವ ಇಲ್ಲಿನ ಕನ್ನಡದ ತಂದೆತಾಯಿಗಳಿಗೂ ಉಪಯೋಗಕ್ಕೆ ಬಂದೀತು.

ಅಂಕಪಟ್ಟಿಯೂ ವಯಸ್ಸಿನ ಗುಂಪುಗಳೂ ಊರಿಂದೂರಿಗೆ ಬೇರೆ. ಹಾಗಾಗಿ ಕ್ಲಾಸು ಶುರುವಾಗುವ ಮೊದಲೇ ಮೇಲ್ವಿಚಾರಕರಿಂದ ಪಟ್ಟಿ ಕೇಳಿ ತೆಗೆದುಕೊಳ್ಳುತ್ತೇನೆ. ಅಂಥ ಪಟ್ಟಿ ಇಲ್ಲದ ಕಡೆ ನನ್ನ ಲೆಕ್ಕ ಹೀಗೆ: 100ರಲ್ಲಿ 50 ಅಂಕ ರಿಂಗಿನಲ್ಲಿ ಕುರಿಯನ್ನು ನಡೆಸಿ ನಿಲ್ಲಿಸುವುದಕ್ಕೆ, 25 ಕುರಿಯ ಸಿದ್ಧತೆಗೆ, 15 ಪ್ರಶ್ನೋತ್ತರಕ್ಕೆ, 10 ಮಗುವಿನ ಉಡುಪು, ನಡವಳಿಕೆಗೆ.

ಸಿದ್ಧತೆ ನೋಡುವಾಗ ಬೆನ್ನಿನ ಮೇಲಿನ ಹೊಳಪಿಗೆ ನಾನು ಬೆಲೆ ಕೊಡುವುದಿಲ್ಲ. ಅದು ಬೆಳಿಗ್ಗೆ ತೊಳೆದರೂ ಬರುತ್ತದೆ. ಕಿವಿಯ ಒಳಗೆ, ಬಾಲದ ಬುಡದ ಕೆಳಗೆ, ತೊಡೆಗಳ ಸಂದಿಯಲ್ಲಿ, ಗೊರಸಿನ ಸೀಳಿನಲ್ಲಿ ಕೊಳೆ ಉಳಿದಿದೆಯೇ ನೋಡುತ್ತೇನೆ. ಗೊರಸು ಹೆಚ್ಚು ಬೆಳೆದಿದ್ದರೆ ಕುರಿ ಹಿಮ್ಮಡಿಯ ಮೇಲೆ ವಾಲಿ ನಿಲ್ಲುತ್ತದೆ. ಎಷ್ಟು ಸಲ ಕಾಲು ಸರಿಪಡಿಸಿದರೂ ಮತ್ತೆ ಜಾರುತ್ತದೆ. ಅದನ್ನು ಮೇಳಕ್ಕೆ ಒಂದೆರಡು ವಾರ ಮುಂಚೆಯೇ ಕತ್ತರಿಸಬೇಕು. ಹಿಂದಿನ ದಿನ ಕತ್ತರಿಸಿದರೆ ನೋವಿನಿಂದ ಕುಂಟುವ ಅಪಾಯವಿದೆ. ಬೋಳಿಸಿದ ಮೈಮೇಲೆ ದುಂಡನೆಯ, ಹೊಪ್ಪಳೆಗಟ್ಟಿದ ಕಲೆ ಕಂಡರೆ ಕೈಯಿಡದೆ ಮೇಳದ ಪಶುವೈದ್ಯರಿಗೆ ತಿಳಿಸುತ್ತೇನೆ. ಹುಳುಕಡ್ಡಿ ಉಣ್ಣೆ ಕತ್ತರಿಸುವ ಯಂತ್ರದಿಂದ ಒಂದು ಕುರಿಯಿಂದ ಇನ್ನೊಂದಕ್ಕೆ ದಾಟುತ್ತದೆ, ಮಕ್ಕಳ ಕೈಗೂ ಹತ್ತುತ್ತದೆ.

ಈಗ ನಡಿಗೆ. ದೊಡ್ಡ ಮಕ್ಕಳು ಹಗ್ಗವಿಲ್ಲದೆ ಬರುತ್ತಾರೆ. ರಿಂಗಿನಲ್ಲಿ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಸುತ್ತುವಾಗ ಕುರಿಯ ಎಡಕ್ಕೆ ಮಗು, ಬಲಕ್ಕೆ ನಾನು. ಮಗುವಿನ ಎಡಗೈ ಕುರಿಯ ದವಡೆಯ ಕೆಳಗೆ, ಬಲಗೈ ಕಿವಿಗಳ ಹಿಂದೆ. ನನ್ನ ಕಣ್ಣು ಮೊದಲು ಹೋಗುವುದು ಆ ಎಡಗೈಗೆ. ಬೊಗಸೆಯಂತೆ ಬಾಗಿದ ಅಂಗೈ ದವಡೆಯ ಮೂಳೆಗೆ ಆಸರೆ ಕೊಡಬೇಕು. ಬೆರಳು ಒಂದಿಂಚು ಹಿಂದಕ್ಕೆ ಸರಿದು ಗಂಟಲನ್ನು ಒತ್ತಿತೋ, ಕುರಿ ಕೆಮ್ಮುತ್ತದೆ, ತಲೆ ಕೊಡವುತ್ತದೆ, ಕೊನೆಗೆ ಮುಂಗಾಲೂರಿ ಕೂತುಬಿಡುತ್ತದೆ. ಕುರಿ ಹಟಮಾರಿ ಎಂದು ಮಗು ಅಂದುಕೊಳ್ಳುತ್ತದೆ. ಅದಕ್ಕೆ ಉಸಿರು ಸಿಗುತ್ತಿಲ್ಲ ಅಷ್ಟೆ. ಕುರಿ ನಿಂತುಬಿಟ್ಟಾಗ ತಲೆ ಹಿಡಿದು ಎಳೆದರೆ ಅದು ಹಿಂದಕ್ಕೇ ಜಗ್ಗುತ್ತದೆ. ಬಲ್ಲ ಮಗು ಬಲಗೈಯನ್ನು ಬಾಲದ ಬುಡಕ್ಕೆ ತಂದು ಮೆಲ್ಲಗೆ ಒತ್ತುತ್ತದೆ, ಕುರಿ ತಾನೇ ಹೆಜ್ಜೆ ಹಾಕುತ್ತದೆ.

ನಿಲ್ಲಿಸಿದಾಗ ನಾಲ್ಕು ಕಾಲೂ ನಾಲ್ಕು ಮೂಲೆಗೆ ಬರಬೇಕು. ಮುಂಗಾಲು ಭುಜದಿಂದ ನೇರ ಕೆಳಗೆ, ಹಿಂಗಾಲು ತುಸು ಹಿಂದೆ, ತಲೆ ಮೇಲೆ. ನನ್ನ ಕಡೆಯ ಕಾಲನ್ನು ಮೊದಲು ಸರಿಪಡಿಸುವ ಮಗುವಿಗೆ ಲಾಭವಿದೆ, ನನಗೆ ಮೊದಲು ಕಾಣುವುದು ಅದೇ. ತೋಳು ಹಿಂಗಾಲಿಗೆ ಎಟುಕದ ಪುಟ್ಟ ಮಕ್ಕಳು ಕುರಿಯನ್ನು ಅರ್ಧ ಹೆಜ್ಜೆ ಹಿಂದಕ್ಕೆ ತಳ್ಳಿ ಕಾಲು ಕೂರಿಸುತ್ತಾರೆ. ಅದಕ್ಕೆ ಅಂಕ ಕಡಿಯುವುದಿಲ್ಲ. ಕಾಲುಗಳನ್ನೇ ನೋಡುತ್ತ ನಿಮಿಷಗಟ್ಟಲೆ ಬಗ್ಗಿ ನಿಂತರೆ ಕಡಿಯುತ್ತೇನೆ.

ಕುರಿ ಯಾವಾಗಲೂ ನನಗೂ ಮಗುವಿಗೂ ನಡುವೆ ಇರಬೇಕು. ಇದನ್ನು ಪರೀಕ್ಷಿಸಲು ನಾನು ಬೇಕೆಂದೇ ಸಾಲಿನ ಮುಂದಿನಿಂದ ಮಗು ನಿಂತ ಪಕ್ಕಕ್ಕೆ ಬರುತ್ತೇನೆ. ಮಗು ಕುರಿಯ ಮುಖದ ಮುಂದೆ ಹಾದು ಆಚೆ ಪಕ್ಕಕ್ಕೆ ಹೋಗಬೇಕು, ಕೈ ಬದಲಿಸುವಾಗ ಒಂದು ಕೈಯಾದರೂ ದವಡೆ ಬಿಡಬಾರದು. ಬೆನ್ನ ಮೇಲಿಂದ ದಾಟಿದರೆ, ಹಿಂದಿನಿಂದ ಸುತ್ತಿ ಬಂದರೆ ತಪ್ಪು. ಕುರಿಗೆ ತನ್ನ ಬೆನ್ನ ಹಿಂದೆ ಕಾಣದು. ಅಲ್ಲಿ ಏನೋ ಸರಿದಾಡಿತೆಂದರೆ ಮುಂದಕ್ಕೆ ಚಿಮ್ಮುತ್ತದೆ.

ಅತಿ ಹೆಚ್ಚು ಎಡವುವುದು ಬ್ರೇಸಿಂಗ್‌ನಲ್ಲಿ. ಮಾರ್ಕೆಟ್ ಮರಿಯ ಮೈ ಮುಟ್ಟಿ ನೋಡಲು ನಾನು ಬಂದಾಗ ಮಗು ಎದುರಿಗೆ ನಿಂತು, ಮರಿಯ ಎದೆಗೆ ತನ್ನ ಮೊಣಕಾಲು ಅಥವಾ ತೊಡೆ ಆನಿಸುತ್ತದೆ. ಮರಿ ಅದಕ್ಕೆ ಎದುರಾಗಿ ತಳ್ಳಿದಾಗ ಬೆನ್ನು, ಸೊಂಟ, ತೊಡೆ ಗಟ್ಟಿಯಾಗುತ್ತವೆ. ನಮ್ಮೂರ ಸಂತೆಯಲ್ಲಿ ಕೊಳ್ಳುವವರು ಸೊಂಟ ಹಿಡಿದು ನೋಡುವ ಹಾಗೆಯೇ ನಾನೂ ಬೆರಳು ಚಪ್ಪಟೆಯಾಗಿಟ್ಟು ಕೊನೆಯ ಪಕ್ಕೆಲುಬು, ಬೆನ್ನೆಲುಬು, ಸೊಂಟ ಮುಟ್ಟುತ್ತೇನೆ. ಆಗ ಮರಿಯ ನಾಲ್ಕು ಗೊರಸೂ ನೆಲದ ಮೇಲಿರಬೇಕು. ಮುಂಗಾಲು ನೆಲ ಬಿಟ್ಟು ಎದ್ದರೆ ಬೆನ್ನಿನ ಗೆರೆ ಕೆಡುತ್ತದೆ, ಮರಿಗೂ ಹಿಂಸೆ. ನಾನು ಮುಂದಿನ ಮರಿಗೆ ಹೋದ ಮೇಲೂ ತಳ್ಳಿಕೊಂಡೇ ನಿಂತರೆ ಮರಿ ಸೋತು ನಡುಗುತ್ತದೆ, ಬೇಸಿಗೆಯ ಸೆಕೆಗೆ ಬಾಯಿ ತೆರೆದು ತೇಕುತ್ತದೆ. ಕೈ ಸಡಿಲಿಸಿ ಮರಿಗೆ ವಿಶ್ರಾಂತಿ ಕೊಡುವ ಮಗುವಿಗೆ ನನ್ನಲ್ಲಿ ಖಂಡಿತ ಹೆಚ್ಚು ಅಂಕ.

ಪ್ರಶ್ನೆಗಳು ವಯಸ್ಸಿಗೆ ತಕ್ಕ ಹಾಗೆ. ಚಿಕ್ಕವರಿಗೆ: ನಿನ್ನ ಮರಿಯ ತಳಿ ಯಾವುದು, ದಿನಕ್ಕೆ ಎಷ್ಟು ಮೇವು, ಸೊಂಟದ ಭಾಗ ತೋರಿಸು. ನಡುವಿನವರಿಗೆ: ದನದ ಖನಿಜ ಮಿಶ್ರಣವನ್ನು ಕುರಿಗೆ ಏಕೆ ಹಾಕಬಾರದು? ಅದರ ತಾಮ್ರ ಕುರಿಯ ಯಕೃತ್ತಿನಲ್ಲಿ ಸೇರುತ್ತಾ ಹೋಗಿ ಕೊಲ್ಲುತ್ತದೆ ಎಂಬ ಉತ್ತರ ಬರಬೇಕು. ದೊಡ್ಡವರಿಗೆ: ಬೀಜ ತೆಗೆದ ಗಂಡುಮರಿಗೆ ಮೂತ್ರಕಲ್ಲು ಬರದಂತೆ ಮೇವಿನಲ್ಲಿ ಕ್ಯಾಲ್ಸಿಯಂ ಮತ್ತು ರಂಜಕ ಸುಮಾರು 2:1 ಇರಬೇಕು ಎಂಬುದು, ಔಷಧಿ ಕೊಟ್ಟ ಮೇಲೆ ಎಷ್ಟು ದಿನ ಮಾಂಸಕ್ಕೆ ಕಳಿಸಬಾರದು ಎಂಬುದು, ಕಡಿದ ಮರಿಯಲ್ಲಿ ಮಾರುವಂಥ ಮಾಂಸ ಎಷ್ಟು ಸಿಗುತ್ತದೆ ಎಂದು ಬೆನ್ನ ಕೊಬ್ಬಿನಿಂದ ಅಂದಾಜಿಸುವ ಯೀಲ್ಡ್ ಗ್ರೇಡ್ ಲೆಕ್ಕ. ಬೆನ್ನ ಕೊಬ್ಬು 0.2 ಇಂಚು ಇದ್ದರೆ ಅದನ್ನು 10ರಿಂದ ಗುಣಿಸಿ 0.4 ಕೂಡಿಸಿದಾಗ 2.4. ಗೊತ್ತಿಲ್ಲ ಎಂದು ನೇರವಾಗಿ ಹೇಳಿದವರನ್ನು, ಬಾಯಿಗೆ ಬಂದದ್ದು ಹೇಳಿದವರಿಗಿಂತ ಮೇಲಿಡುತ್ತೇನೆ.

ಮೊದಲ ಮೂರು ನಾಲ್ಕು ಮಕ್ಕಳ ನಡುವೆ ಹೆಚ್ಚು ಅಂತರವಿಲ್ಲದಿದ್ದರೆ ಕುರಿಗಳನ್ನು ಅದಲುಬದಲು ಮಾಡಿಸುತ್ತೇನೆ. ಪಳಗಿದ ಕುರಿಯಿಂದಾಗಿ ಗೆಲ್ಲುತ್ತಿದ್ದವರು ಯಾರು, ತಮ್ಮ ಕೈಯಿಂದ ಗೆಲ್ಲುವವರು ಯಾರು ಎಂಬುದು ಆಗ ತಿಳಿಯುತ್ತದೆ. ಹೊಸ ಕುರಿ ಕೈಗೆ ಬಂದೊಡನೆ ಅದರ ಹೆಜ್ಜೆಗೆ ತನ್ನ ಹೆಜ್ಜೆ ಹೊಂದಿಸಿಕೊಳ್ಳುವ ಮಗು ಗೆದ್ದ ಹಾಗೆಯೇ. ಕುರಿ ತಪ್ಪಿಸಿಕೊಂಡು ಓಡಿದರೆ ಅದೊಂದಕ್ಕೇ ಅಂಕ ಹೋಗುವುದಿಲ್ಲ. ಕಿರುಚದೆ, ಅಟ್ಟಾಡಿಸದೆ ಮೂಲೆಗೆ ಸೇರಿಸಿ ಹಿಡಿದರೆ ಸಾಕು. ಪಕ್ಕದವರ ಕುರಿ ಓಡಿದಾಗ ತನ್ನದನ್ನು ಬಿಡದೆ ಅಡ್ಡ ನಿಂತು ನೆರವಾದ ಮಗುವನ್ನು ನೆನಪಿಟ್ಟುಕೊಳ್ಳುತ್ತೇನೆ.

ಕೊನೆಗೆ ಮೈಕಿನಲ್ಲಿ ಕಾರಣ ಹೇಳಬೇಕು. ಮೊದಲನೆಯವರು ಎರಡನೆಯವರಿಗಿಂತ ಯಾವುದರಲ್ಲಿ ಮೇಲು, ಎರಡನೆಯವರು ಮೂರನೆಯವರಿಗಿಂತ ಯಾವುದರಲ್ಲಿ ಮೇಲು ಎಂದು ಜೋಡಿಜೋಡಿಯಾಗಿ, ಕಂಡದ್ದನ್ನಷ್ಟೇ ಹೇಳುತ್ತೇನೆ. ‘ಚೆನ್ನಾಗಿ ಮಾಡಿದೆ’ ಎಂದರೆ ಮಗುವಿಗೆ ಏನೂ ಸಿಗುವುದಿಲ್ಲ. ‘ನಾನು ಎಡಕ್ಕೆ ಬಂದಾಗ ನೀನು ತಡವಾಗಿ ಬದಿ ಬದಲಿಸಿದೆ’ ಎಂದರೆ ಮನೆಗೆ ಹೋಗಿ ಅದನ್ನೇ ಅಭ್ಯಾಸ ಮಾಡಬಹುದು. ಕೆಳಗಿನ ಸ್ಥಾನ ಪಡೆದವರಿಗೆ ತಿದ್ದಿಕೊಳ್ಳಬೇಕಾದ ಒಂದೇ ಒಂದು ಅಂಶವನ್ನು ಹತ್ತಿರ ಹೋಗಿ ಹೇಳುತ್ತೇನೆ, ಮೈಕಿನಲ್ಲಲ್ಲ. ಫೋರ್-ಎಚ್‌ನ ಅತಿ ಕಿರಿಯರ ಗುಂಪಾದ ಕ್ಲೋವರ್‌ಬಡ್ ವಯಸ್ಸಿನ ಪುಟಾಣಿಗಳಿಗೆ ಸ್ಥಾನವೇ ಇಲ್ಲ. ಅವರು ಹಗ್ಗ ಹಿಡಿದು, ದೊಡ್ಡವರೊಬ್ಬರ ಜೊತೆಗೆ ಬರುತ್ತಾರೆ. ಮರಿಯ ಹೆಸರು ಕೇಳಿ, ಎಲ್ಲರಿಗೂ ರಿಬ್ಬನ್ ಕೊಟ್ಟು ಕಳಿಸುತ್ತೇನೆ.