ಹಪ್ಪಳದ ವ್ಯಾಪಾರಕ್ಕೆ ಪಿಡಬ್ಲ್ಯುಎ (ಆಪ್ ಥರ ಕೆಲ್ಸ ಮಾಡೋ ವೆಬ್‌ಸೈಟು) ಮಾಡ್ಕೊಂಡ ನನ್ನ ಅನುಭವ

ನಮ್ದು ಶಿವಮೊಗ್ಗ ಜಿಲ್ಲೆ ಸಾಗರದ ಹತ್ರ ಮನೇಲೇ ಮಾಡೋ ಹಪ್ಪಳ ಉಪ್ಪಿನಕಾಯಿ ವ್ಯಾಪಾರ. ಮಾಡೋದು ಅಮ್ಮ ಮತ್ತೆ ನನ್ನ ಹೆಂಡ್ತಿ, ಪ್ಯಾಕಿಂಗು ಕೊರಿಯರ್ರು ಲೆಕ್ಕ ನಂದು. ಹಲಸಿನ ಹಪ್ಪಳ, ಅಪ್ಪೆಮಿಡಿ, ಮಜ್ಜಿಗೆ ಮೆಣಸು, ಸಂಡಿಗೆ ಎಲ್ಲ ಸೇರಿ 24 ಐಟಮ್. ಆರ್ಡರ್ ಪೂರ್ತಿ ವಾಟ್ಸಾಪಲ್ಲೇ ಬರೋದು, ದಿನಾ ಬೆಳಗಾದ್ರೆ "ರೇಟ್ ಲಿಸ್ಟ್ ಕಳ್ಸಿ", ಪಿಡಿಎಫ್ ಕಳ್ಸಿದ್ರೆ ಅದು ಅವ್ರ ಮೊಬೈಲಲ್ಲಿ ಎಲ್ಲೋ ಕಳ್ದು ಹೋಗಿ ವಾರ ಬಿಟ್ಟು ಮತ್ತೆ ಅದೇ ಪ್ರಶ್ನೆ.

ಆಪ್ ಮಾಡ್ಸಿ ಅಂತ ಎಲ್ರೂ ಹೇಳೋರು. ಒಂದು ಕಡೆ ಕೇಳಿದ್ದಕ್ಕೆ 1 ಲಕ್ಷ 80 ಸಾವಿರ ಅಂದ್ರು, ಅದ್ರ ಮೇಲೆ ಪ್ಲೇ ಸ್ಟೋರಿಗೆ ಒಂದ್ಸಲ 25 ಡಾಲರ್, ಐಫೋನಿಗೂ ಬೇಕು ಅಂದ್ರೆ ಆಪಲ್‌ಗೆ ವರ್ಷ ವರ್ಷ 99 ಡಾಲರ್. ದುಡ್ಡಿನ ಮಾತು ಬಿಡಿ, ವರ್ಷಕ್ಕೆ ಎರಡ್ಸಲ ಹಪ್ಪಳ ತಗೊಳ್ಳೋಕೆ ಯಾರ್ರೀ ಪ್ಲೇ ಸ್ಟೋರಿಗೆ ಹೋಗಿ ಆಪ್ ಹಾಕ್ಕೊಳ್ತಾರೆ?

ಪಿಡಬ್ಲ್ಯುಎ ಅಂತ ಮೊದ್ಲು ಹೇಳಿದ್ದು ಚಿಕ್ಕಪ್ಪನ ಮಗ, ಪೂರ್ತಿ ಹೆಸ್ರು ಪ್ರೋಗ್ರೆಸಿವ್ ವೆಬ್ ಆಪ್. 2015ರಲ್ಲಿ ಫ್ರಾನ್ಸಿಸ್ ಬೆರಿಮನ್, ಅಲೆಕ್ಸ್ ರಸೆಲ್ ಅನ್ನೋ ಇಬ್ರು ಇಟ್ಟ ಹೆಸ್ರಂತೆ, ಅದೇ ವರ್ಷ ನಮ್ಮ ಬೆಂಗಳೂರಿನ ಫ್ಲಿಪ್‌ಕಾರ್ಟ್ ಕೂಡ ಫ್ಲಿಪ್‌ಕಾರ್ಟ್ ಲೈಟ್ ಅಂತ ಇದೇ ಥರದ್ದು ಬಿಟ್ಟಿತ್ತು. ಹೆಸ್ರು ಕೇಳಿ ಹೆದ್ರಬೇಡಿ, ಇದೊಂದು ವೆಬ್‌ಸೈಟು ಅಷ್ಟೇ, ಅದಕ್ಕೆ ಎರಡು ಫೈಲ್ ಜಾಸ್ತಿ. ಒಂದು ಮ್ಯಾನಿಫೆಸ್ಟ್, ಅದ್ರಲ್ಲಿ ಅಂಗಡಿ ಹೆಸ್ರು, ಐಕಾನು (192 ಮತ್ತೆ 512 ಪಿಕ್ಸೆಲ್ ಎರಡೂ ಸೈಜಲ್ಲಿ), ತೆರೆದಾಗ ಯಾವ ಪೇಜು ಬರ್ಬೇಕು ಅಂತ ಇರುತ್ತೆ, ಅದ್ರಿಂದ ಹೋಮ್ ಸ್ಕ್ರೀನಲ್ಲಿ ಐಕಾನ್ ಕೂರುತ್ತೆ, ಒತ್ತಿದ್ರೆ ಬ್ರೌಸರ್ ಪಟ್ಟಿ ಇಲ್ದೆ ಆಪ್ ಥರಾನೇ ತೆರ್ಕೊಳ್ಳುತ್ತೆ. ಇನ್ನೊಂದು ಸರ್ವಿಸ್ ವರ್ಕರ್. ಇದು ಗಿರಾಕಿ ಮೊಬೈಲಲ್ಲೇ ಕೂತಿರೋ ಅಂಗಡಿ ಹುಡುಗ ಇದ್ದಂಗೆ, ಯಾರಾದ್ರೂ ಏನಾದ್ರೂ ಕೇಳಿದ್ರೆ ಗೋಡೌನಿಗೆ ಹೋಗಿ ತರ್ಬೇಕಾ, ಕೈಯಲ್ಲಿರೋದೇ ಕೊಡ್ಬೇಕಾ ಅಂತ ಇವನೇ ತೀರ್ಮಾನ ಮಾಡ್ತಾನೆ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೋದ್ರೆ ಟವರೂ ಹೋಯ್ತು, ಹಂಗಾಗಿ ನೆಟ್ ಇಲ್ದೆನೂ ಲಿಸ್ಟ್ ಕಾಣುತ್ತೆ ಅಂದಿದ್ದೇ ನಂಗೆ ಹಿಡಿಸಿದ್ದು.

ನಾನು ಓದಿದ್ದು ಬಿಕಾಂ. ಯೂಟ್ಯೂಬ್ ನೋಡ್ಕೊಂಡು, ತಮ್ಮನ ತಲೆ ತಿನ್ಕೊಂಡು ಮೂರು ವಾರದಲ್ಲಿ ಮಾಡ್ದೆ. ಎಚ್‌ಟಿಟಿಪಿಎಸ್ (ಸೈಟಿಗೆ ಸುರಕ್ಷಿತ ಕನೆಕ್ಷನ್) ಇಲ್ದಿದ್ರೆ ಸರ್ವಿಸ್ ವರ್ಕರ್ ಓಡೋದೇ ಇಲ್ಲ, ಕ್ಲೌಡ್‌ಫ್ಲೇರ್ ಪೇಜಸ್ ಅಂತ ಸೈಟ್ ಇಡೋಕೆ ಜಾಗ ಕೊಡೋ ಕಡೆ ಹಾಕಿದ್ರಿಂದ ಅದು ಫ್ರೀ ಸಿಕ್ತು, ಹೋಸ್ಟಿಂಗೂ ಫ್ರೀ, ಖರ್ಚು ಅಂದ್ರೆ ಡೊಮೇನ್, ಅಂದ್ರೆ ಸೈಟಿನ ವಿಳಾಸ, ಒಂದೇ. ಫೋಟೋ ಮಾತ್ರ ಮೊದ್ಲು ಫೋನಲ್ಲಿ ತೆಗ್ದಿದ್ದು ಹಂಗೇ ಹಾಕಿದ್ದೆ, ಒಂದೊಂದೂ 4 ಎಂಬಿ, ಪೇಜು ತೆರೆಯೋಷ್ಟರಲ್ಲಿ ಹಪ್ಪಳ ಕರ್ದು ತಿಂದು ಮುಗಿಸ್ಬೋದಿತ್ತು, ಆಮೇಲೆ ವೆಬ್‌ಪಿ ಅನ್ನೋ ಹಗುರದ ಫೋಟೋ ಫಾರ್ಮ್ಯಾಟಿಗೆ ಮಾಡಿ 70 ಕೆಬಿಗೆ ಇಳಿಸ್ದೆ. ಐಕಾನ್ ಕೆಳಗೆ ಉದ್ದ ಹೆಸ್ರು ಹಾಕಿದ್ದು "ಅಮ್ಮನ ಹಪ್..." ಅಂತ ಕಟ್ಟಾಗಿ ಕಾಣ್ತಿತ್ತು, ಅಮ್ಮಂಗೆ ಸಿಟ್ಟು ಬಂದು ಮಾರನೇ ದಿನವೇ ಚಿಕ್ಕದು ಮಾಡಿದ್ದಾಯ್ತು.

ಈಗ ನಾನು ಮಾಡ್ಕೊಂಡ ಎಡವಟ್ಟು ಕೇಳಿ. ಸರ್ವಿಸ್ ವರ್ಕರ್ ಕೋಡು ನೆಟ್ಟಲ್ಲಿ ಸಿಕ್ಕಿದ್ದೇ ಕಾಪಿ ಹೊಡ್ದಿದ್ದೆ, ಅದು "ಕ್ಯಾಶ್ ಫಸ್ಟ್", ಅಂದ್ರೆ ಒಂದ್ಸಲ ತಂದಿಟ್ಕೊಂಡಿದ್ದನ್ನೇ ಯಾವಾಗ್ಲೂ ಕೊಡೋದು (ಕ್ಯಾಶ್ ಅಂದ್ರೆ ದುಡ್ಡಲ್ಲ, ಫೋನಲ್ಲಿ ತಂದಿಟ್ಕೊಂಡಿರೋ ಪ್ರತಿ). ಆ ವರ್ಷ ಮಿಡಿ ಸರಿಯಾಗಿ ಬರ್ಲಿಲ್ಲ, ಅಪ್ಪೆಮಿಡಿ ಕೆಜಿಗೆ 420 ಇದ್ದಿದ್ದನ್ನ 480 ಮಾಡ್ದೆ. ನನ್ನ ಲ್ಯಾಪ್‌ಟಾಪಲ್ಲಿ 480 ಕಾಣ್ತಿದೆ, ಗಿರಾಕಿಗಳಿಗೆ ಮಾತ್ರ ಇನ್ನೂ 420. ಶಿವಮೊಗ್ಗದ ಒಬ್ರು ಆಂಟಿ ಫೋನ್ ಮಾಡಿ "ಏನಪ್ಪಾ, ನಿಮ್ಮ ಆಪಲ್ಲೇ 420 ಇದೆ, ನೀನು ಬಾಯಲ್ಲಿ 480 ಅಂತೀಯಲ್ಲ" ಅಂದ್ರು. ರಿಫ್ರೆಶ್ ಮಾಡಿ ನೋಡಿ ಆಂಟಿ ಅಂದೆ, ಮಾಡಿದ್ರು, ಮತ್ತೂ 420. ರಿಫ್ರೆಶ್ ಮಾಡಿದ್ರೂ ಉತ್ರ ಕೊಡೋನು ಅದೇ ಹುಡುಗ ಅಲ್ವಾ! ಆ ವಾರ ಹನ್ನೊಂದು ಜನಕ್ಕೆ ಹಳೇ ರೇಟಲ್ಲೇ ಕೊಟ್ಟೆ, ನಮ್ಮ ಆಪ್ ತೋರ್ಸಿದ ರೇಟಿಗೆ ನಾವೇ ಇಲ್ಲ ಅನ್ನೋಕಾಗುತ್ತಾ.

ಸರಿ ಮಾಡಿದ್ದು ಹೀಗೆ. ರೇಟು ಮತ್ತೆ ಸ್ಟಾಕು ಬೇರೆ ಒಂದು ಫೈಲಿಗೆ ಹಾಕ್ದೆ, ಅದಕ್ಕೆ "ನೆಟ್‌ವರ್ಕ್ ಫಸ್ಟ್", ಮೊದ್ಲು ನೆಟ್ಟಿಂದ ತರ್ಬೇಕು, ಸಿಗ್ಲಿಲ್ಲ ಅಂದ್ರೆ ಮಾತ್ರ ಹಳೇದು, ಆಗ್ಲೂ ಮೇಲೆ ಕೆಂಪಗೆ "ಇದು ಇಂಥಾ ತಾರೀಕಿನ ರೇಟು, ಕೇಳಿ ಖಚಿತ ಮಾಡ್ಕೊಳ್ಳಿ" ಅಂತ ಬರುತ್ತೆ. ಫೋಟೋ, ಬಣ್ಣ, ಫಾಂಟು ಇವೆಲ್ಲ ಕ್ಯಾಶ್ ಫಸ್ಟೇ ಇರ್ಲಿ, ಹಪ್ಪಳದ ಫೋಟೋ ಏನು ಬದಲಾಗುತ್ತೆ. ಇನ್ನೊಂದು, ಹೊಸ ಸರ್ವಿಸ್ ವರ್ಕರ್ ಬಂದ್ರೂ ಹಳೇದು ಓಡ್ತಿರೋ ಪೇಜೆಲ್ಲ ಮುಚ್ಚೋವರೆಗೆ ಅದು ಹೊರಗೆ ಕಾಯ್ತಾ ನಿಂತಿರುತ್ತೆ, "ಸ್ಕಿಪ್ ವೇಟಿಂಗ್" ಅಂತ ಒಂದು ಸಾಲು ಸೇರಿಸಿ, ಕ್ಯಾಶ್ ಹೆಸ್ರನ್ನ ವಿ1 ಇಂದ ವಿ2 ಮಾಡಿ, ಹಳೇದನ್ನ ಅಳ್ಸೋ ಹಾಗೆ ಬರೆದ್ಮೇಲೆ ಎಲ್ರಿಗೂ 480 ಬಂತು. ಬೇರೆಯವ್ರ ಹತ್ರ ಮಾಡ್ಸೋರು ದುಡ್ಡು ಕೊಡೋ ಮುಂಚೆ ಇದನ್ನೇ ಕೇಳಿ: ನಾನು ರೇಟ್ ಬದಲಾಯಿಸಿದ್ರೆ ಈಗಾಗ್ಲೇ ಹಾಕ್ಕೊಂಡಿರೋ ಗಿರಾಕಿಗೆ ಯಾವಾಗ ಕಾಣುತ್ತೆ? ಅವ್ರ ಮುಂದೇನೇ ಬದಲಾಯಿಸಿ ನಿಮ್ಮ ಫೋನಲ್ಲಿ ನೋಡಿ.

ಆರ್ಡರ್ ಬಟನ್ ಒತ್ತಿದ್ರೆ ಐಟಮ್ಮು ತೂಕ ಎಲ್ಲ ಟೈಪಾಗಿ ನಮ್ಮ ವಾಟ್ಸಾಪ್ ತೆರ್ಕೊಳ್ಳುತ್ತೆ, ಅಷ್ಟೇ. ನೆಟ್ ಇಲ್ದಾಗ ಸೆಂಡ್ ಒತ್ತಿದ್ರೂ ಮೆಸೇಜು ಗಡಿಯಾರದ ಗುರುತು ಹಾಕ್ಕೊಂಡು ಕಾದಿದ್ದು ಸಿಗ್ನಲ್ ಬಂದ್ಮೇಲೆ ಹೋಗುತ್ತೆ, ಅದಕ್ಕೆ ಬೇರೆ ಕೋಡು ಬರೆಯೋ ಗೋಜೇ ಬೇಡ. ಪೇಮೆಂಟು ಆಪ್ ಒಳಗೆ ಇಟ್ಟಿಲ್ಲ, ಕೊರಿಯರ್ ಚಾರ್ಜ್ ಸೇರಿಸಿ ಆಮೇಲೆ ಕ್ಯೂಆರ್ ಕಳಿಸ್ತೀನಿ.

ಇನ್‌ಸ್ಟಾಲ್ ಮಾಡ್ಸೋದೇ ದೊಡ್ಡ ಕಷ್ಟ. ಆಂಡ್ರಾಯ್ಡ್ ಕ್ರೋಮಲ್ಲಿ ನಾವೇ ಒಂದು ಬಟನ್ ತೋರಿಸ್ಬೋದು, ಐಫೋನಲ್ಲಿ ಅದಿಲ್ಲ, ಸಫಾರಿಯಲ್ಲಿ ಶೇರ್ ಒತ್ತಿ "ಆಡ್ ಟು ಹೋಮ್ ಸ್ಕ್ರೀನ್" ಹುಡುಕ್ಬೇಕು, ಬೆಂಗಳೂರಲ್ಲಿರೋ ಅಕ್ಕಂಗೆ ವಿಡಿಯೋ ಕಾಲಲ್ಲಿ ಹೇಳ್ಕೊಡೋಕೆ ಹತ್ತು ನಿಮಿಷ ಬೇಕಾಯ್ತು. ಇನ್‌ಸ್ಟಾಗ್ರಾಮ್ ಲಿಂಕಿಂದ ಬಂದೋರಿಗೆ ಅದ್ರದ್ದೇ ಒಳಗಿನ ಬ್ರೌಸರ್ ತೆರೆಯೋದ್ರಿಂದ ಇನ್‌ಸ್ಟಾಲ್ ಬಟನ್ನೇ ಕಾಣಲ್ಲ, ಹೊರಗೆ ಕ್ರೋಮಲ್ಲಿ ತೆರೀರಿ ಅಂತ ಬರೀಬೇಕಾಯ್ತು. ಇಂಥ ವೆಬ್ ಆಪಿಂದ ನೋಟಿಫಿಕೇಶನ್ ಕಳಿಸೋದು ಐಫೋನಿಗೆ ಬಂದಿದ್ದೇ 2023ರಲ್ಲಿ, ಐಓಎಸ್ 16.4 ಇಂದ, ಅದೂ ಹೋಮ್ ಸ್ಕ್ರೀನಿಗೆ ಹಾಕ್ಕೊಂಡಿದ್ರೆ ಮಾತ್ರ. ನಾನು ಮೊದ್ಲು ಪೇಜು ತೆರೆದ ಕೂಡ್ಲೇ ಅನುಮತಿ ಕೇಳ್ತಿದ್ದೆ, ಅಂಗಡಿ ಮೆಟ್ಲು ಹತ್ತೋ ಮೊದ್ಲೇ ಫೋನ್ ನಂಬರ್ ಕೇಳಿದಂಗೆ, ಜನ ಬ್ಲಾಕ್ ಒತ್ತಿದ್ರು, ಒಂದ್ಸಲ ಬ್ಲಾಕ್ ಮಾಡಿದ್ಮೇಲೆ ಅವ್ರಾಗೇ ಸೆಟ್ಟಿಂಗಿಗೆ ಹೋಗಿ ತೆಗೀದೇ ಮತ್ತೆ ಕೇಳೋಕಾಗಲ್ಲ. ಈಗ ಆರ್ಡರ್ ಆದ್ಮೇಲೆ "ಹಲಸಿನ ಹಪ್ಪಳ ಬಂದಾಗ ತಿಳಿಸ್ಲಾ?" ಅಂತ ಕೇಳ್ತೀನಿ, ವರ್ಷಕ್ಕೆ ಮೂರೋ ನಾಲ್ಕೋ ಸಲ ಕಳಿಸ್ತೀನಿ.

ಎಲ್ಲಕ್ಕಿಂತ ಕೆಲ್ಸ ಮಾಡಿದ್ದು ಹೆಂಡ್ತಿ ಕೊಟ್ಟ ಐಡಿಯಾ. ಪ್ರತಿ ಪ್ಯಾಕೆಟ್ ಒಳಗೆ ನಮ್ಮ ಆಪ್ ತೆರೆಯೋ ಕ್ಯೂಆರ್ ಇರೋ ಸಣ್ಣ ಚೀಟಿ. ಹಪ್ಪಳ ಖಾಲಿಯಾದಾಗ ಡಬ್ಬಿ ತಳದಲ್ಲಿ ಅದೇ ಸಿಗುತ್ತೆ. ಮೊದ್ಲ ಸಲದ ಚೀಟಿಗೆಲ್ಲ ಎಣ್ಣೆ ಇಳ್ದು ಸ್ಕ್ಯಾನೇ ಆಗ್ತಿರ್ಲಿಲ್ಲ, ಈಗ ಲ್ಯಾಮಿನೇಶನ್ ಮಾಡ್ಸಿ ಹಾಕ್ತಿದೀವಿ.