ಒಂದೇ ಫೈಲಿನಲ್ಲಿರುವ ಪೈಥಾನ್ ಪ್ರೋಗ್ರಾಮನ್ನು ಬಿಡಿಸಿ ಇಡುವುದು ಹೇಗೆ?

ಅಪ್ಪನ ಅಡಿಕೆ ಲೆಕ್ಕಕ್ಕೆ ಅಂತ ಬರೆದ ಪ್ರೋಗ್ರಾಮ್ ಒಂದೇ ಫೈಲಿನಲ್ಲಿತ್ತು. 700 ಸಾಲು ದಾಟಿದ ಮೇಲೆ ಒಂದು ಫಂಕ್ಷನ್ ಹುಡುಕುವುದೇ ದೊಡ್ಡ ಕೆಲಸವಾಯಿತು. ಆಗ ಬಿಡಿಸಲು ಕೂತೆ.

ಸಾಲು ಎಣಿಸಿ ಒಡೆಯಬೇಡಿ. ಯಾವ ಫಂಕ್ಷನ್‌ಗಳು ಒಟ್ಟಿಗೆ ಬದಲಾಗುತ್ತವೆ ಅಂತ ನೋಡಿ. ರಾಶಿ, ಬೆಟ್ಟೆ, ಗೊರಬಲು, ಸರಕು ಅಂತ ಅಡಿಕೆಯಲ್ಲಿ ಬಗೆಗಳಿವೆ, ಒಂದೊಂದಕ್ಕೂ ಒಂದೊಂದು ದರ, ಅದೂ ಏರಿಳಿಯುತ್ತಲೇ ಇರುತ್ತದೆ. ಹಾಗಾಗಿ ದರದ ಫಂಕ್ಷನ್‌ಗಳೆಲ್ಲ ‘ದರ’ ಫೈಲಿಗೆ. ಚೀಲದ ತೂಕ ಕಳೆಯುವುದು ‘ತೂಕ’ಕ್ಕೆ, ಪ್ರಿಂಟ್ ಮಾಡುವುದು ‘ಬಿಲ್’ಗೆ. ‘ಇತರೆ’ ಅಂತ ಮಾತ್ರ ಫೈಲ್ ಮಾಡಬೇಡಿ. ಎಲ್ಲಿಡಬೇಕೆಂದು ತೋಚದ್ದೆಲ್ಲ ಅಲ್ಲೇ ಬಂದು ಬೀಳುತ್ತದೆ.

ಪೈಥಾನ್‌ನಲ್ಲಿ ಫೈಲೇ ಮಾಡ್ಯೂಲ್. ‘ಇಂಪೋರ್ಟ್ ದರ’ ಅಂತ ಬರೆದರೆ ಸಾಕು, ಆಮೇಲೆ ದರ, ಚುಕ್ಕಿ, ಫಂಕ್ಷನ್ ಹೆಸರು. ಫೈಲಿಗೆ ಪೈಥಾನ್‌ನದೇ ಮಾಡ್ಯೂಲ್‌ಗಳ ಹೆಸರು ಇಡಬೇಡಿ. ನಿಮ್ಮ ಫೈಲಿಗೆ ‘ಈಮೇಲ್’ ಅಂತ ಇಂಗ್ಲಿಷಿನಲ್ಲಿ ಹೆಸರಿಟ್ಟರೆ ಮೇಲ್ ಕಳಿಸುವ ಎಸ್‌ಎಂಟಿಪಿಲಿಬ್ ಕೈಕೊಡುತ್ತದೆ. ಅದು ಹುಡುಕುವ ‘ಈಮೇಲ್’ ಬೇರೆ, ಸಿಗುವುದು ನಿಮ್ಮದು.

ಒಂದು ದಿನ ‘ಮುಂಗಡ’ ಫೈಲಿಗೆ ರೂಪಾಯಿ ಮೊತ್ತಕ್ಕೆ ಕಾಮಾ ಹಾಕುವ ಫಂಕ್ಷನ್ ಬೇಕಾಯಿತು. ಅದು ‘ಬಿಲ್’ನಲ್ಲಿತ್ತು. ಅದೊಂದನ್ನೇ ಇಂಪೋರ್ಟ್ ಮಾಡಿ ಓಡಿಸಿದೆ. ಮೂಲೆಯ ಪ್ರಿಂಟರ್ ಗರಗರ ಅಂತ ಬಿಲ್ ಒಂದನ್ನು ಹೊರಹಾಕಿತು. ಅಪ್ಪ ಕಾಗದ ಎತ್ತಿಕೊಂಡು “ಯಾರದ್ದೋ ಇದು?” ಅಂದರು.

ಆಗಿದ್ದು ಇಷ್ಟೇ. ಮೊದಲ ಸಲ ಇಂಪೋರ್ಟ್ ಮಾಡಿದಾಗ ಪೈಥಾನ್ ಆ ಫೈಲನ್ನು ಮೇಲಿಂದ ಕೆಳಗಿನವರೆಗೆ ಓಡಿಸುತ್ತದೆ, ನೀವು ಕೇಳಿದ್ದು ಒಂದೇ ಫಂಕ್ಷನ್ ಆದರೂ. ಡೆಫ್ ಒಳಗಿರುವುದು, ಅಂದರೆ ಫಂಕ್ಷನ್‌ನ ಒಳಗಿನ ಸಾಲುಗಳು, ಕರೆಯುವ ತನಕ ಸುಮ್ನೆ ಇರುತ್ತದೆ. ಹೊರಗಿರುವುದು ಆಗಲೇ ನಡೆದುಬಿಡುತ್ತದೆ. ಬಿಲ್ ಪ್ರಿಂಟ್ ಮಾಡಿ ನೋಡುವ ಎರಡು ಸಾಲನ್ನು ಪರೀಕ್ಷೆಗೆ ಅಂತ ನಾನು ‘ಬಿಲ್’ ಫೈಲಿನ ಕೊನೆಯಲ್ಲಿ ಬಿಟ್ಟಿದ್ದೆ. ಅಂಥ ಸಾಲುಗಳನ್ನು ‘ಇಫ್ __ನೇಮ್__ == "__ಮೇನ್__":’ ಕೆಳಗೆ ಒಳಸರಿಸಿ ಇಡಿ. ಆ ಫೈಲನ್ನೇ ನೇರವಾಗಿ ಓಡಿಸಿದಾಗ ಮಾತ್ರ ಅವು ನಡೆಯುತ್ತವೆ.

ಆಮೇಲೆ ‘ದರ’ಕ್ಕೂ ಕಾಮಾ ಬೇಕಾಯಿತು. ‘ಬಿಲ್’ ಆಗಲೇ ‘ದರ’ವನ್ನು ಕರೆಯುತ್ತಿತ್ತು. ಈಗ ‘ದರ’ ಕೂಡ ‘ಬಿಲ್’ ಅನ್ನು ಕರೆದರೆ ಸುತ್ತು ಬೀಳುತ್ತದೆ, ಅಲ್ವಾ? ಒಂದು ಅರ್ಧ ಓಡಿರುವಾಗಲೇ ಇನ್ನೊಂದು ಅದರೊಳಗಿನ ಫಂಕ್ಷನ್ ಕೇಳುತ್ತದೆ, ಎರರ್ ಬರುತ್ತದೆ. ಕಾಮಾ ಫಂಕ್ಷನ್ ಎತ್ತಿ ‘ಹಣ’ ಎಂಬ ಹೊಸ ಫೈಲಿಗೆ ಹಾಕಿದೆ. ಮೂವರೂ ಅಲ್ಲಿಂದಲೇ ತೆಗೆದುಕೊಳ್ಳುತ್ತಾರೆ. ‘ಹಣ’ ಯಾರನ್ನೂ ಕರೆಯುವುದಿಲ್ಲ.

ಒಂದೇ ರಾತ್ರಿಯಲ್ಲಿ ಎಲ್ಲ ಒಡೆಯಲು ಹೋಗಬೇಡಿ. ಒಂದು ಫಂಕ್ಷನ್ ಎತ್ತಿಡಿ, ಓಡಿಸಿ, ಹಳೇ ಬಿಲ್ಲಿನ ಮೊತ್ತ ಹಾಗೇ ಬಂತಾ ನೋಡಿ, ಆಮೇಲೆ ಮುಂದಿನದು. ನಾನು ‘ತೂಕ’ದಿಂದ ಶುರು ಮಾಡಿದೆ. ಅದಕ್ಕೆ ಬೇರೆ ಯಾವ ಫೈಲೂ ಬೇಕಿರಲಿಲ್ಲ.